ಕೋಟೆ ದಾರಿಯ ಜೀಪುಗಳು

ಹೆಗ್ಗಡದೇವನಕೋಟೆ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಹತ್ತಿ ಹೊಲದ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಅಂಥ ಕೆಸರಲ್ಲೂ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಮುಟ್ಟಿಸುವ ಜೀಪು ಎರಡನೇ ಮಹಾಯುದ್ಧದ ಕೂಸು. 1941ರಿಂದ 1945ರವರೆಗೆ ವಿಲ್ಲಿಸ್, ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸುವ ಕೆಲಸವನ್ನು ಮಹೀಂದ್ರ ಶುರುಮಾಡಿದ್ದು 1947ರಲ್ಲಿ.

ನಮ್ಮ ಕಣ್ಣಿಗೆ ಜೀಪೆಂದರೆ ಎತ್ತರದ ಬಾನೆಟ್ಟಿನ ಸಿಜೆ–3ಬಿ. ಅದರ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ-ಇಂಧನವನ್ನು ಒಳಗೆ ಬಿಡುವ ವಾಲ್ವ್‌ಗಳು ಮೇಲುಗಡೆ ಇದ್ದುದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತಬೇಕಾಯಿತು. ಒಳಗೆ ಗೇರಿನ ಪಕ್ಕ ಎರಡು ಸಣ್ಣ ಲಿವರ್: ಒಂದು ಮುಂದಿನ ಚಕ್ರಗಳನ್ನು ಎಳೆತಕ್ಕೆ ಸೇರಿಸುವುದಕ್ಕೆ, ಇನ್ನೊಂದು ನಿಧಾನವಾಗಿ, ಆದರೆ ಬಲವಾಗಿ ಎಳೆಯುವುದಕ್ಕೆ. ಹೂತ ಗಾಡಿ ಮೇಲೇಳುವುದು ಈ ಎರಡನೆಯದರ ದಯೆಯಿಂದ.

ಆದರೆ ಪೆಟ್ರೋಲ್ ಕುಡಿಯುವ ಜೀಪನ್ನು ಸಾಕುವ ಶಕ್ತಿ ಹೆಚ್ಚಾಗಿ ಇದ್ದದ್ದು ಸರ್ಕಾರಿ ಇಲಾಖೆಗಳಿಗೆ. ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿದ 1974ರ ಹೊತ್ತಿಗೂ ಹಳ್ಳಿಯವರಿಗೆ ಜೀಪು ಬಂತೆಂದರೆ ಸಾಹೇಬರು ಬಂದರು ಎಂದೇ ಅರ್ಥ. ಜೀಪನ್ನು ಜನರ ಕೈಗೆ ಕೊಟ್ಟಿದ್ದು ಡೀಸೆಲ್. ಮೊದಲು ಟ್ರ್ಯಾಕ್ಟರಿನ ಎಂಜಿನ್ನನ್ನೇ ಕೂರಿಸಿದರು. 1980ರ ದಶಕದ ಎಂಎಂ540 ಜೀಪಿಗೆ ಪ್ಯೂಜೊ ವಿನ್ಯಾಸದ 2,112 ಸಿಸಿ ಎಂಜಿನ್ ಬಂತು. ಇಡೀ ವಂಶದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲವೆಂದು ನನ್ನ ನಂಬಿಕೆ. ಬಾಡಿ ಉದ್ದವಾಯಿತು, ಕಮಾಂಡರ್ ಎಂಬ ಜೀಪು ಬಂತು. ಬಸ್ಸಿಲ್ಲದ ಹಳ್ಳಿಯಿಂದ ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಹೊರಟ ಜನ ಹಿಂದಿನ ಎರಡು ಉದ್ದ ಸೀಟುಗಳಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತರು. ಜಾಗ ಸಾಲದವರು ಹಿಂದೆ ಜೋತುಬಿದ್ದರು.

ಕಾಡಿನೊಳಗೆ ಕಥೆ ಬೇರೆ ದಾರಿ ಹಿಡಿಯಿತು. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಕೊನೆಯ ಖೆಡ್ಡಾ 1971ಕ್ಕೆ ಮುಗಿದಿತ್ತು. ಮುಂದೆ ಕಬಿನಿ ದಂಡೆಗೆ ಸಫಾರಿ ಬಂತು. ದೇಶದ ಕಾಡುಗಳಲ್ಲಿ ಆ ಕೆಲಸಕ್ಕೆ ಮೆಚ್ಚಿನ ಗಾಡಿಯಾದದ್ದು 1985ರಲ್ಲಿ ಹೊರಬಂದ ಮಾರುತಿ ಜಿಪ್ಸಿ. ಮೊದಲು 970 ಸಿಸಿ, 1996ರ ಜಿಪ್ಸಿ ಕಿಂಗ್‌ನಲ್ಲಿ 1.3 ಲೀಟರ್. ಹಗುರ ಮೈ, ಪೆಟ್ರೋಲ್ ಎಂಜಿನ್ನಿನ ಮೆಲುದನಿ. ಡೀಸೆಲ್ ಜೀಪಿನ ಗಡಗಡ ಸದ್ದು ಪ್ರಾಣಿ ನೋಡಲು ಹೋದವರಿಗೆ ಎಲ್ಲಿ ಹಿಡಿಸೀತು?

ಇತ್ತ ಮಹೀಂದ್ರ ಜೀಪಿನ ವಂಶದಲ್ಲಿ 2010ರಲ್ಲಿ ಥಾರ್ ಬಂತು, 2020ರಲ್ಲಿ ಹೊಸ ಮೈ ಪಡೆಯಿತು. ಗಟ್ಟಿ ಗಾಡಿ, ಸೊಗಸಾಗಿದೆ. ಆದರೂ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಬದುಕಿನಲ್ಲಿ ಜೀಪಿನ ಹೊರೆ ಹೊತ್ತದ್ದು 2000ದಲ್ಲಿ ಶುರುವಾದ ಬೊಲೆರೊ ಮತ್ತು ಅದರ ಪಿಕಪ್. ಬಹುಪಾಲು ಬೊಲೆರೊಗಳಿಗೆ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಡಾಂಬರು ಬಂದ ಊರಿಗೆ ಅದು ಸಾಕು. ಆದರೆ ಕಾಡಂಚಿನ ಹಾಡಿಯಿಂದ ಮಳೆಗಾಲದಲ್ಲಿ ಬಸುರಿಯನ್ನು ಆಸ್ಪತ್ರೆಗೆ ಒಯ್ಯಲು ನಾಲ್ಕೂ ಚಕ್ರ ಎಳೆಯುವ, ಉದ್ದ ಸೀಟಿನ, ರಿಪೇರಿಗೆ ಸುಲಭವಾದ ಆ ಹಳೆಯ ಡೀಸೆಲ್ ಜೀಪಿನಂಥದ್ದೇ ಬೇಕು. ಅಂಥದ್ದನ್ನು ಅಗ್ಗದ ಬೆಲೆಗೆ ಯಾರೂ ಮಾಡುತ್ತಿಲ್ಲ.