ಮಹಾವೀರಾಚಾರ್ಯರ ಹಣ್ಣುಗಳೂ ಹಕ್ಕಿಗಳೂ

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಒಂಬತ್ತನೆಯ ಶತಮಾನವೆಂದೊಡನೆ ನೆನಪಾಗುವುದು ‘ಕವಿರಾಜಮಾರ್ಗ’. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದೀರ್ಘ ಆಳ್ವಿಕೆಯಲ್ಲಿ ಮಾನ್ಯಖೇಟವು ಕಾವ್ಯಕ್ಕೂ ಶಾಸ್ತ್ರಕ್ಕೂ ಆಶ್ರಯವಾಗಿತ್ತು. ‘ಆದಿಪುರಾಣ’ವನ್ನು ಕೈಗೆತ್ತಿಕೊಂಡ ಜಿನಸೇನಾಚಾರ್ಯರು, ತಮ್ಮ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನೇ ಇಟ್ಟ ಶಾಕಟಾಯನರು ಆ ಕಾಲದವರು. ಇದೇ ಅರಸನನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಸುಮಾರು ಕ್ರಿ.ಶ. 850ರಲ್ಲಿ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ ಮಹಾವೀರಾಚಾರ್ಯರ ಹೆಸರು ಮಾತ್ರ ಸಾಹಿತ್ಯ ಚರಿತ್ರೆಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಗಣಿತವು ಸಾಹಿತ್ಯದ ಹೊರಗಿನದು ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಆದರೆ ಗಣಿತವಿಲ್ಲದ ವಿದ್ಯೆಯಿಲ್ಲವೆಂದು ಹೇಳುವಾಗ ಆಚಾರ್ಯರು ಪಟ್ಟಿ ಮಾಡುವ ವಿದ್ಯೆಗಳಲ್ಲಿ ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯಗಳ ಜೊತೆಗೆ ಛಂದಸ್ಸು, ಅಲಂಕಾರ, ಕಾವ್ಯಗಳೂ ಸೇರಿವೆ.

ಒಂಬತ್ತು ಅಧ್ಯಾಯಗಳ ಈ ಗ್ರಂಥ ಪದ್ಯರೂಪದಲ್ಲಿದೆ. ಮೊದಲು ಸೂತ್ರ, ಅನಂತರ ಉದಾಹರಣೆ, ಎರಡೂ ಪದ್ಯವೇ. ಇವುಗಳಲ್ಲಿ ಆರನೆಯದಾದ ಮಿಶ್ರಕವ್ಯವಹಾರವು ಬಡ್ಡಿ, ಪಾಲುಗಾರಿಕೆ, ಚಿನ್ನದ ಬಣ್ಣ, ಕುಟ್ಟೀಕಾರಗಳನ್ನು ಒಳಗೊಂಡಿದ್ದು, ಪೇಟೆಯ ಗದ್ದಲವೇ ಶ್ಲೋಕವಾದಂತಿದೆ. ಇಂದು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಮಾತೃಕೆ, ನಿರ್ಧಾರಕ, ರೇಖಾತ್ಮಕ ಯೋಜನೆ ಎಂಬ ಶೀರ್ಷಿಕೆಗಳಡಿ ಬಿಡಿಸುವ ಲೆಕ್ಕಗಳಿಗೆ ತೀರ ಹತ್ತಿರದ ಎರಡು ಸಮಸ್ಯೆಗಳು ಇಲ್ಲಿವೆ. ಎಷ್ಟು ಹತ್ತಿರ, ಎಲ್ಲಿಂದ ಮುಂದೆ ದೂರ ಎಂಬುದನ್ನು ಅಳೆದು ನೋಡಬೇಕು. ಎಲ್ಲವೂ ಪೂರ್ವದಲ್ಲೇ ಇತ್ತೆಂಬ ಹೆಮ್ಮೆಯೂ ಏನೂ ಇರಲಿಲ್ಲವೆಂಬ ಉಪೇಕ್ಷೆಯೂ ಗ್ರಂಥವನ್ನು ತೆರೆಯದೆಯೇ ಆಡಬಹುದಾದ ಮಾತುಗಳು.

ಮೊದಲನೆಯದು ಹಣ್ಣಿನ ಲೆಕ್ಕ. 9 ಮಾದಲದ ಹಣ್ಣು ಮತ್ತು 7 ಬೇಲದ ಹಣ್ಣುಗಳ ಒಟ್ಟು ಬೆಲೆ 107; 7 ಮಾದಲ ಮತ್ತು 9 ಬೇಲಗಳ ಬೆಲೆ 101. ಒಂದೊಂದು ಹಣ್ಣಿನ ಬೆಲೆಯನ್ನು ಬೇರೆ ಬೇರೆಯಾಗಿ ಹೇಳಬೇಕು. ಇದಕ್ಕೆ ಆಚಾರ್ಯರು ಕೊಡುವ ಸೂತ್ರದ ತಾತ್ಪರ್ಯ ಹೀಗಿದೆ: ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿ, ಅದರಿಂದ ಸಣ್ಣ ಬೆಲೆ ಮತ್ತು ಸಣ್ಣ ಸಂಖ್ಯೆಗಳ ಗುಣಲಬ್ಧವನ್ನು ಕಳೆ; ಉಳಿದುದನ್ನು ಎರಡು ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸು. 107ನ್ನು 9ರಿಂದ ಗುಣಿಸಿದರೆ 963, 101ನ್ನು 7ರಿಂದ ಗುಣಿಸಿದರೆ 707, ಅಂತರ 256. 81ರಲ್ಲಿ 49 ಕಳೆದರೆ 32. ಭಾಗಿಸಿದಾಗ ಮಾದಲದ ಬೆಲೆ 8 ಎಂದಾಯಿತು. ಗುಣಕಗಳನ್ನು ಅದಲುಬದಲು ಮಾಡಿದರೆ 909ರಲ್ಲಿ 749 ಕಳೆದು 160. ಅದನ್ನೂ 32ರಿಂದ ಭಾಗಿಸಿದರೆ ಬೇಲದ ಬೆಲೆ 5.

ಇದೇ ಲೆಕ್ಕವನ್ನು ಇಂದಿನ ವಿದ್ಯಾರ್ಥಿ ನಿರ್ಧಾರಕದಿಂದ ಬಿಡಿಸುವಾಗ ಮೇಲಿನ ಸಾಲಿನಲ್ಲಿ 9, 7, ಕೆಳಗಿನ ಸಾಲಿನಲ್ಲಿ 7, 9 ಎಂದು ಬರೆದು ಕರ್ಣಗಳ ಗುಣಲಬ್ಧಗಳ ಅಂತರವನ್ನು ಕಂಡುಹಿಡಿಯುತ್ತಾನೆ. ದೊರೆಯುವುದು ಅದೇ 32. ಬೆಲೆಗಳನ್ನು ಒಂದು ಕಂಬಸಾಲಿನಲ್ಲಿಟ್ಟು ಮತ್ತೆ ಕರ್ಣಗಳನ್ನು ಗುಣಿಸಿದರೆ ಅದೇ 256, ಅದೇ 160. ಹೆಜ್ಜೆಗೆ ಹೆಜ್ಜೆ ಎರಡೂ ಒಂದೇ ಕ್ರಿಯೆ. ಸ್ವಿಟ್ಸರ್‌ಲೆಂಡಿನ ಗೇಬ್ರಿಯಲ್ ಕ್ರೇಮರ್ ಈ ನಿಯಮವನ್ನು ಪ್ರಕಟಿಸಿದ್ದು 1750ರಲ್ಲಿ.

ಆದರೆ ಇಲ್ಲಿ ಎಚ್ಚರ ಬೇಕು. ಕ್ರೇಮರನ ನಿಯಮ ಯಾವ ಸಂಖ್ಯೆಗಳಿಗೂ, ಎಷ್ಟು ಅಜ್ಞಾತಗಳಿಗೂ ಅನ್ವಯಿಸುತ್ತದೆ. ಮಹಾವೀರಾಚಾರ್ಯರ ಈ ಸೂತ್ರವು 9 ಮತ್ತು 7 ಎಂಬ ಸಂಖ್ಯೆಗಳು ಎರಡನೆಯ ಸಾಲಿನಲ್ಲಿ ಸ್ಥಾನಪಲ್ಲಟವಾಗಿ ಬಂದಾಗ ಮಾತ್ರ ಸಲ್ಲುತ್ತದೆ. ಎರಡನೆಯ ಗಿರಾಕಿ 4 ಮಾದಲ, 5 ಬೇಲ ಕೊಂಡಿದ್ದರೆ ವರ್ಗಾಂತರದ ಮಾತೇ ಬರುವುದಿಲ್ಲ. ಅನೇಕ ಅಜ್ಞಾತಗಳನ್ನು ಕೋಷ್ಟಕದಲ್ಲಿ ಜೋಡಿಸಿ ಒಂದೊಂದಾಗಿ ನಿವಾರಿಸುವ ಪದ್ಧತಿ ಚೀನೀಯರ ‘ಒಂಬತ್ತು ಅಧ್ಯಾಯಗಳು’ ಎಂಬ ಗ್ರಂಥದಲ್ಲಿ ಇದಕ್ಕಿಂತ ಹಲವು ಶತಮಾನಗಳ ಹಿಂದೆಯೇ ಇತ್ತು. ಸಂಖ್ಯೆಗಳ ಚೌಕವನ್ನೇ ಒಂದು ವಸ್ತುವೆಂದು ಭಾವಿಸಿ ಅದಕ್ಕೆ ಇಂಗ್ಲಿಷಿನಲ್ಲಿ ಹೆಸರಿಟ್ಟವನು ಸಿಲ್ವೆಸ್ಟರ್, 1850ರಲ್ಲಿ. ಆ ವಸ್ತುಗಳನ್ನು ಕೂಡಿಸುವ, ಗುಣಿಸುವ ಬೀಜಗಣಿತವನ್ನು ಕೇಲಿ ವಿಸ್ತರಿಸಿದ್ದು 1858ರಲ್ಲಿ. ಮಾನ್ಯಖೇಟದ ಸೂತ್ರದಲ್ಲಿ ನಿರ್ಧಾರಕದ ಬೆಲೆ ಇದೆ, ನಿರ್ಧಾರಕವೆಂಬ ಕಲ್ಪನೆ ಇಲ್ಲ.

ಎರಡನೆಯ ಸಮಸ್ಯೆ ಇನ್ನೂ ಸ್ವಾರಸ್ಯವಾದುದು. ಪಾರಿವಾಳಗಳು 3 ಪಣಕ್ಕೆ 5, ಸಾರಸಗಳು 5 ಪಣಕ್ಕೆ 7, ಹಂಸಗಳು 7 ಪಣಕ್ಕೆ 9, ನವಿಲುಗಳು 9 ಪಣಕ್ಕೆ 3. ರಾಜಕುಮಾರನ ವಿನೋದಕ್ಕಾಗಿ 100 ಪಣಕ್ಕೆ 100 ಹಕ್ಕಿಗಳನ್ನು ತರಲು ಒಬ್ಬನನ್ನು ಕಳುಹಿಸಲಾಗಿದೆ. ಯಾವುದಕ್ಕೆ ಎಷ್ಟು ಕೊಡಬೇಕು? ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಗ್ರಂಥಕಾರರು ಹಕ್ಕಿಗಳ ಮಾರಾಟವನ್ನು ಉದಾಹರಣೆಯಾಗಿ ಆರಿಸಿದ್ದೇಕೆಂದು ಕೆಲವರಿಗೆ ಅನ್ನಿಸಬಹುದು. ಇದು ಅವರು ಆರಿಸಿದ್ದಲ್ಲ, ಪರಂಪರೆಯಿಂದ ಬಂದದ್ದು. ಶ್ರೀಧರನ ‘ಪಾಟೀಗಣಿತ’ದಲ್ಲಿಯೂ ಹಕ್ಕಿಗಳ ಲೆಕ್ಕವಿದೆ, ಐದನೆಯ ಶತಮಾನದ ಚೀನದಲ್ಲಿ ಝಾಂಗ್ ಛಿಯುಜಿಯಾನ್ 100 ನಾಣ್ಯಕ್ಕೆ 100 ಕೋಳಿಗಳನ್ನು ಕೊಂಡಿದ್ದಾನೆ, ಮುಂದೆ ಈಜಿಪ್ಟಿನ ಅಬೂ ಕಾಮಿಲ್ ಇಂಥ ಲೆಕ್ಕಗಳಿಗೇ ‘ಪಕ್ಷಿಗಳ ಪುಸ್ತಕ’ವೊಂದನ್ನು ಮೀಸಲಿಟ್ಟ. ಜನಪದ ಕಥೆಯ ಆಶಯಗಳು ನಾಡಿನಿಂದ ನಾಡಿಗೆ ಸಂಚರಿಸುವಂತೆಯೇ ಗಣಿತದ ಆಶಯಗಳೂ ಸಂಚರಿಸುತ್ತವೆ.

ಇಲ್ಲಿ ಅಜ್ಞಾತಗಳು ನಾಲ್ಕು, ಸಮೀಕರಣಗಳು ಎರಡೇ. ಆದರೂ ಬಿಡಿಸುವುದು ಕಷ್ಟವಲ್ಲ. ಹಕ್ಕಿಗಳನ್ನು ಹೇಳಿದ ದರದ ಗುಂಪುಗಳಲ್ಲೇ ಕೊಳ್ಳಬೇಕೆಂದು ಭಾವಿಸೋಣ. ಪಾರಿವಾಳ, ಸಾರಸ, ಹಂಸಗಳ ಪ್ರತಿಯೊಂದು ಗುಂಪಿನಲ್ಲಿಯೂ ಹಕ್ಕಿಗಳ ಸಂಖ್ಯೆ ಪಣಗಳಿಗಿಂತ 2 ಹೆಚ್ಚು. ನವಿಲಿನ ಗುಂಪಿನಲ್ಲಿ 6 ಕಡಿಮೆ. ಒಟ್ಟಿನಲ್ಲಿ ಎರಡೂ ಸಮವಾಗಬೇಕಾದುದರಿಂದ ಮೊದಲ ಮೂರು ಜಾತಿಯ ಗುಂಪುಗಳು ನವಿಲಿನ ಗುಂಪುಗಳ ಮೂರರಷ್ಟಿರಲೇಬೇಕು. ನವಿಲಿನ ಗುಂಪು 3 ಎಂದಿಟ್ಟುಕೊಂಡರೆ ಉಳಿದ 9 ಗುಂಪುಗಳಿಂದ 91 ಹಕ್ಕಿಗಳು ಬರಬೇಕು. ಎಲ್ಲವೂ ಹಂಸಗಳೇ ಆದರೂ 81ನ್ನು ಮೀರುವುದಿಲ್ಲ. 6 ಎಂದರೆ ಉಳಿದ 18 ಗುಂಪುಗಳು ಎಲ್ಲವೂ ಪಾರಿವಾಳವೇ ಆದರೂ ಒಟ್ಟು ನೂರನ್ನು ದಾಟುತ್ತದೆ. ಹೀಗಾಗಿ ನವಿಲಿನ ಗುಂಪು 4 ಅಥವಾ 5. ನಾಲ್ಕೂ ಜಾತಿಯ ಹಕ್ಕಿಗಳು ಇರಲೇಬೇಕೆಂದರೆ ಮೊದಲನೆಯದರಲ್ಲಿ 4, ಎರಡನೆಯದರಲ್ಲಿ 2, ಒಟ್ಟು 6 ಉತ್ತರಗಳು ದೊರೆಯುತ್ತವೆ. ಒಂದು ಉತ್ತರ: 15 ಪಾರಿವಾಳಕ್ಕೆ 9 ಪಣ, 28 ಸಾರಸಕ್ಕೆ 20, 45 ಹಂಸಕ್ಕೆ 35, 12 ನವಿಲಿಗೆ 36. ಇನ್ನೊಂದು: 60 ಪಾರಿವಾಳ, 7 ಸಾರಸ, 18 ಹಂಸ, 15 ನವಿಲು.

ಆರರಲ್ಲಿ ಯಾವುದು ಮೇಲು? ಶ್ಲೋಕ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಹಕ್ಕಿ ತರಲು ಹೋದವನಿಗೆ ಲಾಭದ ಆಸೆಯಿಲ್ಲ. ಹೇಳಿದ ಹಣಕ್ಕೆ ಹೇಳಿದಷ್ಟು ಹಕ್ಕಿ ಬಂದರೆ ಅವನ ಕೆಲಸ ಮುಗಿಯಿತು. ರೇಖಾತ್ಮಕ ಯೋಜನೆ ಆರಂಭವಾಗುವುದು ಸರಿಯಾಗಿ ಈ ಜಾಗದಿಂದ. ಪಿಯು ವಿದ್ಯಾರ್ಥಿಗಳು ಓದುವ ಎನ್‌ಸಿಇಆರ್‌ಟಿ ಪಠ್ಯದ ಪೀಠೋಪಕರಣ ವ್ಯಾಪಾರಿಯನ್ನು ನೋಡಿ: ಅವನಲ್ಲಿ 50,000 ರೂಪಾಯಿ ಬಂಡವಾಳವಿದೆ, 60 ವಸ್ತುಗಳಿಗಷ್ಟೇ ಜಾಗವಿದೆ, ಮೇಜಿಗೆ 2,500 ರೂಪಾಯಿ, ಕುರ್ಚಿಗೆ 500, ಲಾಭ ಮೇಜಿಗೆ 250, ಕುರ್ಚಿಗೆ 75. ಸಾಧ್ಯವಾದ ಉತ್ತರಗಳು ನೂರಾರು. ವ್ಯಾಪಾರಿಗೆ ಬೇಕಾದದ್ದು ಅವುಗಳಲ್ಲಿ ಅತಿ ಹೆಚ್ಚು ಲಾಭದ್ದು. 10 ಮೇಜು, 50 ಕುರ್ಚಿ ಕೊಂಡರೆ 6,250 ರೂಪಾಯಿ. ಇಂಥ ಪ್ರಶ್ನೆಯನ್ನು ಶಾಸ್ತ್ರವಾಗಿಸಿದ್ದು ಇಪ್ಪತ್ತನೆಯ ಶತಮಾನ. 1939ರಲ್ಲಿ ಲೆನಿನ್‌ಗ್ರಾಡಿನ ಕಾಂಟೊರೊವಿಚ್ ಪ್ಲೈವುಡ್ ಕಾರ್ಖಾನೆಯ ಯಂತ್ರಗಳಿಗೆ ಕೆಲಸ ಹಂಚುವ ಲೆಕ್ಕದಿಂದ ಇದನ್ನು ತಲುಪಿದರು. 1947ರಲ್ಲಿ ಅಮೆರಿಕದ ಡಾಂಟ್ಸಿಗ್ ಸೇನೆಯ ಯೋಜನೆಗಳ ಸಂದರ್ಭದಲ್ಲಿ ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದರು.

ಹೊಸ ಪ್ರಶ್ನೆಯನ್ನು ಹಳೆಯ ಹಕ್ಕಿಗಳಿಗೆ ಕೇಳಿದರೆ ಒಂದು ತಮಾಷೆ ನಡೆಯುತ್ತದೆ. ರಾಜಕುಮಾರನಿಗೆ ಆದಷ್ಟು ಹೆಚ್ಚು ನವಿಲುಗಳು ಬೇಕು ಎನ್ನೋಣ. ಪಠ್ಯಪುಸ್ತಕದ ವಿಧಾನದಂತೆ ಶೃಂಗಬಿಂದುಗಳನ್ನು ಪರಿಶೀಲಿಸಿದರೆ ಸಾರಸವನ್ನೂ ಹಂಸವನ್ನೂ ಬಿಟ್ಟು, 50 ಪಣಕ್ಕೆ ಪಾರಿವಾಳ, 50 ಪಣಕ್ಕೆ ನವಿಲು ಕೊಳ್ಳಬೇಕೆಂಬ ಉತ್ತರ ಬರುತ್ತದೆ. ಆಗ ಪಾರಿವಾಳಗಳು 83 ಮತ್ತು ಮೂರನೆಯ ಒಂದು ಪಾಲು. ನವಿಲುಗಳು 16 ಮತ್ತು ಮೂರನೆಯ ಎರಡು ಪಾಲು. ನವಿಲನ್ನು ಪಾಲು ಮಾಡಿ ತರುವಂತಿಲ್ಲ. ಇಡೀ ಗುಂಪುಗಳ ನಿಯಮಕ್ಕೆ ಮರಳಿದರೆ 15 ನವಿಲೇ ಗತಿ. ಪೂರ್ಣಾಂಕಗಳಿಗೆ ಕಟ್ಟುಬಿದ್ದ ಯೋಜನೆಯು ಬೇರೆಯೇ ವಿಧಾನವನ್ನು ಬೇಡುತ್ತದೆಂದು ಆಧುನಿಕರು ಅರಿತರು. ಗೊಮೊರಿಯ ಪ್ರಸಿದ್ಧ ವಿಧಾನ ಪ್ರಕಟವಾದದ್ದು 1958ರಲ್ಲಿ. ಪೂರ್ಣಾಂಕದ ಉತ್ತರವನ್ನೇ ಅರಸುವ ಕುಟ್ಟೀಕಾರದ ಪರಂಪರೆಯವರಿಗೆ ಈ ಕಟ್ಟು ಹೊಸದಾಗಿರಲಿಲ್ಲ.

ಕಲನಶಾಸ್ತ್ರದ ಮಾತು ಬಂದರೆ ‘ಗಣಿತಸಾರಸಂಗ್ರಹ’ ಮೌನ. ಅದರ ಅಭಾವ ಎದ್ದು ಕಾಣುವುದು ಆಯತವೃತ್ತ, ಅಂದರೆ ದೀರ್ಘವೃತ್ತದ ಸೂತ್ರಗಳಲ್ಲಿ. ಉದ್ದ 36, ಅಗಲ 12 ಇರುವ ಆಕೃತಿಗೆ ಅವರ ಸೂತ್ರದಿಂದ ಪರಿಧಿ ಸುಮಾರು 77.8, ನಿಜವಾದದ್ದು ಸುಮಾರು 80.2. ಇದು ಮೆಚ್ಚಬೇಕಾದ ಸಾಮೀಪ್ಯ. ಕ್ಷೇತ್ರಫಲಕ್ಕೆ ಮಾತ್ರ ಪರಿಧಿಯನ್ನು ಅಗಲದ ನಾಲ್ಕನೆಯ ಒಂದು ಭಾಗದಿಂದ ಗುಣಿಸಿದ್ದರಿಂದ 339ರ ಬದಲು 233 ಬರುತ್ತದೆ. ವೃತ್ತಕ್ಕೆ ಸರಿಹೋಗುವ ನಿಯಮವನ್ನು ದೀರ್ಘವೃತ್ತಕ್ಕೂ ಹಿಗ್ಗಿಸಿದ್ದರ ಫಲವಿದು. ಇಂದಿನ ವಿದ್ಯಾರ್ಥಿ ಅನುಕಲನದಿಂದ ಆ ಕ್ಷೇತ್ರಫಲವನ್ನು ನಾಲ್ಕು ಸಾಲಿನಲ್ಲಿ ಪಡೆಯುತ್ತಾನೆ. ಪರಿಧಿಯನ್ನು ಮಾತ್ರ ಅವನ ಪಠ್ಯದ ಅನುಕಲನವೂ ಮುಟ್ಟಲಾರದು.

ಗ್ರಂಥವು ಬೇಗನೆ ದೇಶಭಾಷೆಗೆ ಇಳಿಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’ ಮೊದಲಾದ ಸ್ವತಂತ್ರ ಕೃತಿಗಳನ್ನು ರಚಿಸಿದನು. ಮೂಲಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ್ದು 1912ರಲ್ಲಿ. ಕನ್ನಡ ನೆಲದ ಅರಸನನ್ನು ಹೊಗಳಿ ಹುಟ್ಟಿದ ಈ ಗ್ರಂಥ ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಹೊಂಬುಜದಿಂದ ಹೊರಬಂದದ್ದು 2000ದಲ್ಲಿ, ರಚನೆಯಾಗಿ ಸುಮಾರು 1150 ವರ್ಷಗಳ ಮೇಲೆ.