ಒಮ್ಮೊಮ್ಮೆ ಸ್ಟಾರ್ಟ್ ಆಗದ ಹಳೆಯ ಕಾರು: ದೋಷ ಹುಡುಕುವ ಬಗೆ

ಬೆಳಿಗ್ಗೆ ಸರಾಗವಾಗಿ ಹೊರಟ ಕಾರು ಮಧ್ಯಾಹ್ನ ಪೇಟೆಯ ನಡುವೆ ಮೌನ ತಾಳುತ್ತದೆ. ಅರ್ಧ ಗಂಟೆ ಕಾದು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲನೆಗೊಳ್ಳುತ್ತದೆ. ಗ್ಯಾರೇಜಿಗೆ ಒಯ್ದ ದಿನ ಮಾತ್ರ ದೋಷ ತಲೆ ಎತ್ತುವುದಿಲ್ಲ. ಊಹೆಯ ಮೇಲೆ ಬ್ಯಾಟರಿ, ಬಳಿಕ ಸ್ಟಾರ್ಟರ್, ಆಮೇಲೆ ಕಾಯಿಲ್ ಬದಲಿಸಿ ಸಾವಿರಾರು ರೂಪಾಯಿ ಕಳೆದ ಮೇಲೆ, ತುಕ್ಕು ಹಿಡಿದ ಒಂದು ಅರ್ತ್ ತಂತಿಯೇ ಕಾರಣವೆಂದು ತಿಳಿಯುವುದು ಅಪರೂಪವಲ್ಲ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆ ಪೀಳಿಗೆಯ ಕಾರುಗಳನ್ನು ಇಂದಿಗೂ ಬಳಸುವವರು ಗಮನಿಸಬೇಕಾದ ಸಂಗತಿ ಒಂದೇ: ದೋಷ ಕಾಣಿಸಿಕೊಂಡಿರುವ ಹೊತ್ತಿನಲ್ಲೇ ಪರೀಕ್ಷೆ ನಡೆಯಬೇಕು. ಆದ್ದರಿಂದ ಸಾಧಾರಣ ಮಲ್ಟಿಮೀಟರ್ ಒಂದು ಕಾರಿನಲ್ಲೇ ಇರುವುದು ಲೇಸು. ಎಂಜಿನ್ ಬಿಸಿಯಿತ್ತೇ, ಮಳೆ ಸುರಿದಿತ್ತೇ, ನಿಲ್ಲಿಸಿ ಎಷ್ಟು ಹೊತ್ತಾಗಿತ್ತು ಎಂಬುದನ್ನು ಪ್ರತಿ ಸಲ ಬರೆದಿಟ್ಟರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ.

ಕೀಲಿ ತಿರುಗಿಸಿದಾಗ ಸ್ಟಾರ್ಟರ್ ತಿರುಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ತಿರುಗದಿದ್ದರೆ ಹೆಡ್‌ಲೈಟ್ ಹಾಕಿ ಮತ್ತೊಮ್ಮೆ ಯತ್ನಿಸಬೇಕು. ಬೆಳಕು ತೀರಾ ಮಂಕಾದರೆ ಬ್ಯಾಟರಿ ಅಥವಾ ಅದರ ಜೋಡಣೆಯ ಮೇಲೆ ಸಂಶಯ. ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ತಿರುಗಿಸುವಾಗ ಅದು 9.6 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿದೆ ಎನ್ನಬಹುದು. ಓಡುತ್ತಿರುವ ಎಂಜಿನ್‌ನಲ್ಲಿ ಅಳತೆ 14 ವೋಲ್ಟ್ ಆಸುಪಾಸಿನಲ್ಲಿರಬೇಕು. ಇಲ್ಲದಿದ್ದರೆ ತಪ್ಪು ಆಲ್ಟರ್ನೇಟರ್‌ನದು, ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಸೋಲುತ್ತದೆ.

ಬ್ಯಾಟರಿ ಸರಿಯಿದ್ದರೂ ಕೇಬಲ್ ಕೈಕೊಡಬಹುದು. ಹೊರನೋಟಕ್ಕೆ ಚೆನ್ನಾಗಿರುವ ಕೇಬಲ್‌ನ ಒಳಗೆ ತಾಮ್ರ ಹಸಿರುಗಟ್ಟಿರುತ್ತದೆ. ಕಣ್ಣಿಗೆ ಕಾಣದ ಇದನ್ನು ಮೀಟರ್ ಮಾತ್ರ ಹಿಡಿಯಬಲ್ಲದು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಕಂಬಕ್ಕೆ (ಕ್ಲ್ಯಾಂಪ್‌ಗಲ್ಲ), ಇನ್ನೊಂದನ್ನು ಎಂಜಿನ್‌ನ ಬರಿ ಲೋಹಕ್ಕೆ ತಾಗಿಸಿ, ಮತ್ತೊಬ್ಬರಿಂದ ಕೀಲಿ ತಿರುಗಿಸಬೇಕು. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಮಾರ್ಗದಲ್ಲಿ ಅಡಚಣೆಯಿದೆ. ಧನ ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟ್‌ವರೆಗೂ ಇದೇ ಪರೀಕ್ಷೆ.

ಬೆಳಕು ಮಂಕಾಗದೆ ಸ್ಟಾರ್ಟರ್ ಮಾತ್ರ ಸುಮ್ಮನಿದ್ದರೆ, ಸೊಲೆನಾಯ್ಡ್‌ಗೆ ಬರುವ ತೆಳು ತಂತಿಯನ್ನು ನೋಡಬೇಕು. ಕೀಲಿ ತಿರುಗಿಸಿದಾಗ ಅಲ್ಲಿ ವಿದ್ಯುತ್ ಇಲ್ಲದಿದ್ದರೆ ಇಗ್ನಿಷನ್ ಸ್ವಿಚ್ ಇಲ್ಲವೇ ಅದರ ತಂತಿ ಸವೆದಿದೆ. ವಿದ್ಯುತ್ ಇದ್ದೂ ‘ಟಕ್’ ಎಂಬ ಸದ್ದಷ್ಟೇ ಬಂದರೆ ಸೊಲೆನಾಯ್ಡ್‌ನ ಸಂಪರ್ಕಗಳು ಅಥವಾ ಮೋಟಾರಿನ ಬ್ರಷ್‌ಗಳು ಮುಗಿದಿವೆ. ಸ್ಪ್ಯಾನರ್‌ನಿಂದ ಮೆಲ್ಲನೆ ತಟ್ಟಿದಾಗ ಸ್ಟಾರ್ಟರ್ ಎಚ್ಚರಗೊಂಡರೆ ರೋಗ ಪತ್ತೆಯಾದಂತೆಯೇ ಹೊರತು ವಾಸಿಯಾದಂತಲ್ಲ.

ಸ್ಟಾರ್ಟರ್ ತಿರುಗಿಯೂ ಎಂಜಿನ್ ಹತ್ತಿಕೊಳ್ಳದಿದ್ದರೆ ಕಿಡಿ ಅಥವಾ ಪೆಟ್ರೋಲ್ ಕೊರತೆ. ಬಿಸಿಯಾದಾಗ ಕಾಯಿಲ್‌ನ ಒಳತಂತಿ ಹಿಗ್ಗಿ ಸಂಪರ್ಕ ಕಡಿದುಕೊಂಡು, ತಣಿದ ಮೇಲೆ ಮತ್ತೆ ಕೂಡಿಕೊಳ್ಳುವುದುಂಟು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ತೇವ ಹಾಗೂ ಕೂದಲೆಳೆಯಂಥ ಬಿರುಕು ಕಿಡಿಯನ್ನು ನುಂಗುತ್ತವೆ. ಒಣ ಬಟ್ಟೆಯಿಂದ ಒರೆಸಿದೊಡನೆ ಕಾರು ಹೊರಟರೆ ಮುಚ್ಚಳ ಬದಲಿಸುವುದು ಒಳಿತು.

ಕಾರ್ಬ್ಯುರೇಟರ್ ಕಾರುಗಳಲ್ಲಿ ಬೇಸಿಗೆಯ ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪ್ ಸೋಲುತ್ತದೆ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆದರೆ ಸಮಸ್ಯೆ ವಿರುದ್ಧದ್ದು, ಎಂಜಿನ್ ತೊಯ್ದಿದೆ. ಆಕ್ಸಿಲರೇಟರನ್ನು ಪದೇಪದೇ ತುಳಿಯದೆ ಪೂರ್ತಿ ಒತ್ತಿಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಎಂಪಿಎಫ್‌ಐ ಮಾದರಿಗಳಲ್ಲಿ ಕೀಲಿ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಒಂದೆರಡು ಸೆಕೆಂಡ್ ಪಂಪಿನ ಗುಂಯ್‌ಗುಡುವಿಕೆ ಕೇಳಬೇಕು. ಅದಿಲ್ಲದಿದ್ದರೆ ಫ್ಯೂಸ್, ರಿಲೇ, ಪಂಪ್ ಈ ಕ್ರಮದಲ್ಲಿ ಪರೀಕ್ಷೆ ಸಾಗಬೇಕು.

ಈ ಪರೀಕ್ಷೆಗಳ ವೇಳೆ ಗೇರ್ ನ್ಯೂಟ್ರಲ್‌ನಲ್ಲಿದ್ದು ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಪೆಟ್ರೋಲ್ ಸೋರಿದೆಡೆ ಕಿಡಿ ಪರೀಕ್ಷೆ ಸಲ್ಲದು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಿದರೆ ಉರಿಯದ ಪೆಟ್ರೋಲ್ ಅದನ್ನು ಕೆಡಿಸಬಹುದು. ದುರಸ್ತಿಯಾದ ಮೇಲೆ, ಬರೆದಿಟ್ಟ ಟಿಪ್ಪಣಿಯಂತೆ ಅದೇ ಬಿಸಿ, ಅದೇ ವಿರಾಮದಲ್ಲಿ ಹಲವು ಬಾರಿ ಸ್ಟಾರ್ಟ್ ಮಾಡಿ ನೋಡಿದ ನಂತರವಷ್ಟೇ ಕಾರನ್ನು ದೂರದೂರಿಗೆ ಒಯ್ಯಬೇಕು.