ಸವೆಯಲೆಂದೇ ಮಾಡಿದ ಭಾಗ: ಮಾರಿಸ್ ಮೈನರ್ ಕಾರಿನ ಕ್ಲಚ್ ಬುಶ್

1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ವಾಹನ ಪ್ರದರ್ಶನದಲ್ಲಿ ಮಾರಿಸ್ ಮೈನರ್ ಎಂಬ ಪುಟ್ಟ ಕಾರು ಜನರ ಮುಂದೆ ಬಂತು. ಇದರ ವಿನ್ಯಾಸಕಾರ ಅಲೆಕ್ ಇಸಿಗೋನಿಸ್. 1971ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ 16 ಲಕ್ಷಕ್ಕೂ ಹೆಚ್ಚು ಮೈನರ್‌ಗಳು ರಸ್ತೆಗಿಳಿದಿದ್ದವು. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದನ್ನು 1950ರ ದಶಕದ ಮೊದಲ ವರ್ಷಗಳಲ್ಲಿ 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಲ್ಲಿ ಹೊರತಂದಿತ್ತು. ಬ್ರಿಟನ್ ಮತ್ತು ಶ್ರೀಲಂಕಾಗಳಲ್ಲಿ ಈ ಕಾರುಗಳು ಇಂದಿಗೂ ಓಡುತ್ತಿವೆ. ಲೇತ್ ಯಂತ್ರದ ಮುಂದೆ ಕುಳಿತು ಬಿಡಿಭಾಗಗಳನ್ನು ತಾವೇ ತಯಾರಿಸಿಕೊಳ್ಳುವ ಮಾಲೀಕರು ಮತ್ತು ಮೆಕ್ಯಾನಿಕ್‌ಗಳು ಇದಕ್ಕೆ ಒಂದು ಕಾರಣ. ಅಂಥ ಭಾಗಗಳಲ್ಲಿ ಒಂದು ಕ್ಲಚ್ ಸನ್ನೆಗಳ ಬುಶ್. ಬೆರಳಿನ ಗಿಣ್ಣಿಗಿಂತ ಚಿಕ್ಕದಾದ ಈ ಉಂಗುರದಲ್ಲಿ ಭೌತವಿಜ್ಞಾನದ ಒಂದು ಇಡೀ ಅಧ್ಯಾಯವೇ ಅಡಗಿದೆ.

ಕ್ಲಚ್‌ನ ಕೆಲಸ ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ಇರುವ ಸಂಪರ್ಕವನ್ನು ಬೇಕೆಂದಾಗ ಬಿಡಿಸುವುದು. ಬಲವಾದ ಸ್ಪ್ರಿಂಗ್‌ಗಳು ಕ್ಲಚ್ ತಟ್ಟೆಯನ್ನು ಫ್ಲೈವೀಲಿಗೆ ಒತ್ತಿ ಹಿಡಿದಿರುತ್ತವೆ. ಚಾಲಕ ಪೆಡಲ್ ತುಳಿದಾಗ ಆ ಒತ್ತಡ ಸಡಿಲವಾಗಬೇಕು. ಮೈನರ್‌ನಲ್ಲಿ ಪೆಡಲಿನ ಚಲನೆ ಒಂದು ಸರಳಿನ ಮೂಲಕ ಅಡ್ಡದಂಡಕ್ಕೂ, ಅಲ್ಲಿಂದ ಇನ್ನೊಂದು ಸರಳಿನ ಮೂಲಕ ಕ್ಲಚ್ ಕವಲಿಗೂ ತಲಪುತ್ತದೆ. ಅಡ್ಡದಂಡ ತಿರುಗುವುದು ಬುಶ್‌ಗಳ ಮೇಲೆ. ಸರಳುಗಳು ಸೇರುವುದು ಪಿನ್ನುಗಳಲ್ಲಿ.

ಒಂದು ಸರಳ ಲೆಕ್ಕ ಮಾಡೋಣ. ಸನ್ನೆಗಳೆಲ್ಲ ಸೇರಿ ಬಲವನ್ನು 10 ಪಟ್ಟು ಹೆಚ್ಚಿಸುತ್ತವೆ ಎಂದುಕೊಳ್ಳಿ. ಘರ್ಷಣೆಯನ್ನು ಬಿಟ್ಟರೆ, ಪೆಡಲಿನ ಮೇಲೆ 100 ನ್ಯೂಟನ್ ಹಾಕಿದಾಗ ಕ್ಲಚ್ ಬಳಿ 1000 ನ್ಯೂಟನ್ ಸಿಗುತ್ತದೆ. ಆದರೆ ಶಕ್ತಿ ಪುಕ್ಕಟೆ ಸಿಗುವುದಿಲ್ಲ: ಪೆಡಲು 100 ಮಿಮೀ ಇಳಿದರೆ ಕ್ಲಚ್ ಬಳಿಯ ಚಲನೆ ಬರೇ 10 ಮಿಮೀ. ಹಾಗಾಗಿ ಕ್ಲಚ್ ತುದಿಯಲ್ಲಿ 1 ಮಿಮೀ ಸಡಿಲವಾದರೆ ಪೆಡಲಿನಲ್ಲಿ 10 ಮಿಮೀ ನಷ್ಟ. ಪೆಡಲಿನ ಸನ್ನೆಯೊಂದೇ ಬಲವನ್ನು 4 ಪಟ್ಟು ಮಾಡುವುದಾದರೆ, ಮೊದಲ ಸರಳಿನ ಕೀಲಿನಲ್ಲಿ ಅಷ್ಟೇ ಸಡಿಲಕ್ಕೆ 4 ಮಿಮೀ ನಷ್ಟ. ಇಂಥ ನಷ್ಟಗಳು ಕೂಡಿದಾಗ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕರಕರ ಎನ್ನುತ್ತದೆ.

ಭಾಗವನ್ನು ಇನ್ನಷ್ಟು ಗಟ್ಟಿ ಮಾಡಿದರೆ ಸಾಲದೇ? ಇಲ್ಲ, ಏಕೆಂದರೆ ಇದು ಮುರಿಯುವ ಸಮಸ್ಯೆಯೇ ಅಲ್ಲ. ಮೊದಲ ಸರಳಿನ ಮೇಲೆ 400 ನ್ಯೂಟನ್ ಇದೆ ಎನ್ನೋಣ. ಪಿನ್ನಿನ ವ್ಯಾಸ 8 ಮಿಮೀ, ಅದು ಕೂರುವ ಪಟ್ಟಿಯ ದಪ್ಪ 5 ಮಿಮೀ ಆದರೆ ತೂತಿನ ಅಂಚಿನ ಮೇಲೆ ಬೀಳುವ ಸರಾಸರಿ ಒತ್ತಡ ಪ್ರತಿ ಚದರ ಮಿಮೀಗೆ 10 ನ್ಯೂಟನ್. ಮೃದು ಉಕ್ಕು ಬಾಗಲು ಸುಮಾರು 250 ನ್ಯೂಟನ್ ಬೇಕು. ಆದ್ದರಿಂದ ಇಲ್ಲಿನ ಶತ್ರು ಸವೆತ.

ಸವೆತದ ವಿಜ್ಞಾನ ಬೆಳೆದದ್ದು ಮೈನರ್ ತಯಾರಾಗುತ್ತಿದ್ದ ವರ್ಷಗಳಲ್ಲೇ, ಬಹುಪಾಲು ಅದೇ ಬ್ರಿಟನ್ನಿನಲ್ಲಿ. ನುಣುಪಾಗಿ ಕಾಣುವ ಎರಡು ಲೋಹಗಳು ವಾಸ್ತವವಾಗಿ ಸೂಕ್ಷ್ಮ ಉಬ್ಬುಗಳ ತುದಿಗಳಲ್ಲಿ ಮಾತ್ರ ಮುಟ್ಟುತ್ತವೆ, ಅಲ್ಲಿ ಅಂಟಿಕೊಂಡು ಕಿತ್ತುಬರುತ್ತವೆ ಎಂಬುದನ್ನು ಬೌಡನ್ ಮತ್ತು ಟೇಬರ್ 1950ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಸವೆದುಹೋಗುವ ಘನಗಾತ್ರವು ಹೊರೆಗೂ ಜಾರಿದ ದೂರಕ್ಕೂ ನೇರ ಅನುಪಾತದಲ್ಲಿ, ಗಡಸುತನಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ ಎಂಬ ಸೂತ್ರವನ್ನು 1953ರಲ್ಲಿ ಆರ್ಚರ್ಡ್ ನೀಡಿದರು. 1966ರಲ್ಲಿ ಪೀಟರ್ ಜೋಸ್ಟ್ ನೇತೃತ್ವದ ಸಮಿತಿ ಈ ಶಾಸ್ತ್ರಕ್ಕೆ 'ಟ್ರೈಬಾಲಜಿ' ಎಂದು ಹೆಸರಿಟ್ಟಿತು. ಘರ್ಷಣೆ ಮತ್ತು ಸವೆತಗಳನ್ನು ಅರಿತು ನಡೆದರೆ ಬ್ರಿಟನ್ನಿಗೆ ವರ್ಷಕ್ಕೆ 51.5 ಕೋಟಿ ಪೌಂಡ್ ಉಳಿತಾಯವಾದೀತೆಂದು ಅಂದಾಜು ಮಾಡಿತು.

ಆರ್ಚರ್ಡ್ ಸೂತ್ರವನ್ನು ಮೇಲುಮೇಲೆ ನೋಡಿದರೆ ಬುಶ್ಶನ್ನೂ ಗಡಸು ಉಕ್ಕಿನಲ್ಲೇ ಮಾಡಬೇಕು ಅನ್ನಿಸುತ್ತದೆ. ಆದರೆ ಸೂತ್ರದಲ್ಲಿನ ಸ್ಥಿರಾಂಕವು ಲೋಹಗಳ ಜೋಡಿಯನ್ನು ಅವಲಂಬಿಸಿದೆ. ಉಕ್ಕಿನ ಮೇಲೆ ಉಕ್ಕು ಉಜ್ಜಿದಾಗ ಅಂಟುವಿಕೆ ಹೆಚ್ಚು. ಅಷ್ಟೇ ಅಲ್ಲ, ಬುಶ್ ಗಡಸಾಗಿದ್ದರೆ ಬೆಲೆಬಾಳುವ ದಂಡವೇ ಸವೆಯುತ್ತದೆ. ಫಾಸ್ಫರ್ ಬ್ರಾಂಜ್ ಬುಶ್ ಹಾಕಿದರೆ ಸವೆಯುವುದು ಬುಶ್. ಅದನ್ನು ತಟ್ಟಿ ತೆಗೆದು ಹೊಸದು ಕೂರಿಸಿದರಾಯಿತು. ದಂಡ ಉಳಿಯಲೆಂದು ಬುಶ್ ಸವೆಯುತ್ತದೆ.

ವಿನ್ಯಾಸದ ಕ್ರಮ ಹೀಗಿದೆ. ಮೊದಲು ತೂತಿನ ವ್ಯಾಸವನ್ನು ವರ್ನಿಯರ್‌ನಿಂದ ಹಲವು ದಿಕ್ಕುಗಳಲ್ಲಿ ಅಳೆಯಬೇಕು. ಬಲ ಬೀಳುವುದು ಒಂದೇ ದಿಕ್ಕಿನಲ್ಲಾದ್ದರಿಂದ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅದನ್ನು ರೀಮರ್‌ನಿಂದ ದೊಡ್ಡ ವೃತ್ತವಾಗಿಸಿ, ಲೇತ್‌ನಲ್ಲಿ ತಯಾರಿಸಿದ ಬುಶ್ಶನ್ನು ಬಿಗಿಯಾಗಿ ಒತ್ತಿ ಕೂರಿಸಬೇಕು. ಪಿನ್ನಿಗೂ ಬುಶ್ಶಿಗೂ ನಡುವೆ ಮಿಲಿಮೀಟರಿನ ಕೆಲವು ನೂರನೆಯ ಭಾಗದಷ್ಟು ಜಾಗ, ಗ್ರೀಸ್ ನಿಲ್ಲಲು ಒಂದು ಗೀರು ಬೇಕು. ಬಿಗಿ ಅತಿಯಾಗಬಾರದು: ಎಂಜಿನ್ ರಬ್ಬರ್ ದಿಂಬುಗಳ ಮೇಲೆ ಕುಳಿತು ಅಲುಗುವುದರಿಂದ ಕೀಲುಗಳಿಗೂ ಸ್ವಲ್ಪ ಬಿಡುವು ಬೇಕು, ಇಲ್ಲದಿದ್ದರೆ ಅವು ಹಿಡಿದುಕೊಳ್ಳುತ್ತವೆ.

ಸರಳಿನ ನಟ್ಟು ತಿರುಗಿಸಿ ಪೆಡಲಿನ ಸಡಿಲವನ್ನು ಕಡಿಮೆ ಮಾಡುವ ಸುಲಭದಾರಿಯೂ ಉಂಟು. ಅದರಿಂದ ಸವೆತ ಮರೆಯಾಗುತ್ತದೆ, ಹೋಗುವುದಿಲ್ಲ. ಬಿಡುವು ಪೂರ್ತಿ ಇಲ್ಲವಾದರೆ ಗ್ರಾಫೈಟಿನ ಬಿಡುಗಡೆ ಬೇರಿಂಗ್ ಸದಾ ಉಜ್ಜುತ್ತ ಬೇಗ ಹಾಳಾಗುತ್ತದೆ. ಕ್ಲಚ್ ಪೂರ್ತಿ ಹಿಡಿಯದೆ ಜಾರಲೂಬಹುದು.

ಅಧ್ಯಾಪಕರು ಇದನ್ನು ತರಗತಿಯಲ್ಲಿ ತೋರಿಸಲು ಕಾರೇ ಬೇಕಿಲ್ಲ. ಶಾಲೆಯ ಹಳೆಯ ಗೇಟಿನ ಕೀಲಿನಿಂದ ಒಂದು ಪಿನ್ ಕಳಚಿ, ಅದರ ವ್ಯಾಸವನ್ನು ಸುತ್ತಲೂ 30 ಡಿಗ್ರಿಗೊಮ್ಮೆ ವಿದ್ಯಾರ್ಥಿಗಳಿಂದ ಅಳೆಸಿರಿ. ಯಾವ ದಿಕ್ಕಿನಲ್ಲಿ ಸವೆತ ಹೆಚ್ಚು, ಗೇಟಿನ ಭಾರ ಯಾವ ದಿಕ್ಕಿಗೆ ಬೀಳುತ್ತಿತ್ತು ಎಂಬುದನ್ನು ಅವರೇ ಹೊಂದಿಸಿ ನೋಡಲಿ.